ಹಳೆ ಸರ್ವರ್‌ಗೆ ಓಎಸ್ ಹಾಕುವಾಗ ಡಿಸ್ಕ್ ಕಾಣಿಸ್ತಿಲ್ವಾ? ರೇಡ್ ಇರುವ ಮಷೀನಲ್ಲಿ ತೊಡಕು ಹುಡುಕುವ ಬಗೆ

ಸರ್ವರ್ ಆನ್ ಮಾಡುತ್ತೀರಿ. ಫ್ಯಾನುಗಳು ಒಂದು ನಿಮಿಷ ಜೋರಾಗಿ ಕೂಗಿ ಸುಮ್ಮನಾಗುತ್ತವೆ. ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲರ್ ಬರುತ್ತದೆ, ಭಾಷೆ ಕೇಳುತ್ತದೆ, ಕೀಬೋರ್ಡ್ ಕೇಳುತ್ತದೆ, ಎಲ್ಲಾ ಸರಿಯಾಗಿ ಹೋಗುತ್ತಿದೆ ಅನ್ನುವಷ್ಟರಲ್ಲಿ ಡಿಸ್ಕೇ ಸಿಗಲಿಲ್ಲ ಎಂಬ ಪರದೆ ಬಂದು ನಿಲ್ಲುತ್ತದೆ. ಎದುರಿಗೆ ಡಿಸ್ಕ್‌ಗಳು ಕೂತಿವೆ, ಹಸಿರು ದೀಪ ಉರಿಯುತ್ತಿದೆ. ಆದರೂ ಇಲ್ಲವಂತೆ.

ಧಾರವಾಡದಲ್ಲಿ ಗೆಳೆಯನೊಬ್ಬನ ಚಿಕ್ಕ ಮುದ್ರಣಾಲಯಕ್ಕೆ ಒಂದು ಡೆಲ್ ಪವರ್‌ಎಡ್ಜ್ ಆರ್710 ಕೂರಿಸಿಕೊಡುವಾಗ ನನಗೆ ಆಗಿದ್ದು ಇದೇ. ಮಷೀನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಕ್ಕಿದ್ದು, ಡಿಸ್ಕ್‌ಗಳು ಬೇರೆ ಕಡೆಯಿಂದ ಬಂದವು. ಮೂರು ರಾತ್ರಿ ಹೋಯಿತು. ಮೊದಲ ಎರಡು ರಾತ್ರಿ ನಾನು ಮಾಡಿದ್ದು ಒಂದೇ ಕೆಲಸ: ರೀಸ್ಟಾರ್ಟ್, ಬೇರೆ ಐಎಸ್‌ಓ, ಮತ್ತೆ ರೀಸ್ಟಾರ್ಟ್. ಮೂರನೇ ರಾತ್ರಿ ಒಂದು ಹಾಳೆ ತೆಗೆದುಕೊಂಡು ಒಂದೇ ಪ್ರಶ್ನೆ ಬರೆದೆ. ಈ ಡಿಸ್ಕ್ ಯಾರಿಗೆ ಕಾಣಿಸುತ್ತಿದೆ, ಯಾರಿಗೆ ಕಾಣಿಸುತ್ತಿಲ್ಲ?

ಅಲ್ಲಿಂದ ಕೆಲಸ ಸಲೀಸಾಯಿತು. ಯಾಕೆಂದರೆ ರೇಡ್ (ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದರಂತೆ ಬಳಸುವ ವ್ಯವಸ್ಥೆ) ಇರುವ ಸರ್ವರ್‌ನಲ್ಲಿ ಡಿಸ್ಕ್ ನೇರವಾಗಿ ಓಎಸ್ ಕೈಗೆ ಸಿಗುವುದಿಲ್ಲ. ಮೊದಲು ಡಿಸ್ಕನ್ನು ರೇಡ್ ಕಂಟ್ರೋಲರ್ ಎಂಬ ಕಾರ್ಡ್ ನೋಡಬೇಕು. ಅದು ಕೆಲವು ಡಿಸ್ಕ್‌ಗಳನ್ನು ಸೇರಿಸಿ ಒಂದು ವರ್ಚುವಲ್ ಡಿಸ್ಕ್ ಮಾಡಬೇಕು. ಕಂಟ್ರೋಲರ್ ಜೊತೆ ಮಾತಾಡಲು ಓಎಸ್‌ನ ತಿರುಳಾದ ಕರ್ನಲ್‌ನಲ್ಲಿ ಡ್ರೈವರ್ ಇರಬೇಕು. ಕೊನೆಗೆ ಬೂಟ್ ಆಗುವಾಗ ಬಯಾಸ್ (ಮಷೀನ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಕೂಡ ಅದೇ ವರ್ಚುವಲ್ ಡಿಸ್ಕನ್ನು ಮೊದಲು ನೋಡಬೇಕು. ಇದರಲ್ಲಿ ಯಾವ ಕೊಂಡಿ ಕಳಚಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ನಾನು ಆರ್710 ಮತ್ತು ಡೆಬಿಯನ್ ಲಿನಕ್ಸ್ ಇಟ್ಟುಕೊಂಡು ಹೇಳುತ್ತೇನೆ, ನಿಮ್ಮದು ಬೇರೆ ಆಗಿದ್ದರೂ ಸಾಲು ಇದೇ.

ಮೊದಲನೆಯದು: ಕಂಟ್ರೋಲರ್ ಯಾವುದು ಅಂತ ತಿಳಿದುಕೊಳ್ಳಿ

ಆರ್710 ಬಂದಿದ್ದು 2009ರಲ್ಲಿ. ಇದರಲ್ಲಿ ಪರ್ಕ್ (ಡೆಲ್‌ನ ರೇಡ್ ಕಂಟ್ರೋಲರ್) 6/ಐ, ಎಚ್200, ಎಚ್700 ಹೀಗೆ ಬೇರೆ ಬೇರೆ ಕಾರ್ಡ್ ಇರಬಹುದು, ಒಂದರ ಗುಣ ಇನ್ನೊಂದಕ್ಕಿಲ್ಲ. ಆನ್ ಮಾಡಿದ ಮೇಲೆ ಪರದೆಯನ್ನು ಗಮನವಿಟ್ಟು ನೋಡಿ. ಕಂಟ್ರೋಲರ್ ಹೆಸರು, ಫರ್ಮ್‌ವೇರ್ ಆವೃತ್ತಿ, ಒಳಗೆ ಹೋಗಲು ಒತ್ತಬೇಕಾದ ಕೀ, ಮೂರೂ ಅಲ್ಲೇ ಬರುತ್ತವೆ. 6/ಐ ಮತ್ತು ಎಚ್700ಕ್ಕೆ ಕಂಟ್ರೋಲ್ ಆರ್, ಎಚ್200ಕ್ಕೆ ಕಂಟ್ರೋಲ್ ಸಿ. ಬೇಗ ಹೋಗಿಬಿಡುತ್ತದೆ, ಮೊಬೈಲಲ್ಲಿ ವಿಡಿಯೋ ಮಾಡಿಕೊಂಡು ಆಮೇಲೆ ನಿಲ್ಲಿಸಿ ಓದಿ. ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಪರ್ಕ್ 6/ಐ ಇದ್ದರೆ ಒಂದು ಮಾತು ಈಗಲೇ ತಿಳಿದಿರಲಿ. ಒಂದೊಂದು ಡಿಸ್ಕ್ 2 ಟಿಬಿಗಿಂತ ದೊಡ್ಡದಿದ್ದರೆ ಅದು ಪೂರ್ತಿ ಬಳಸಲಾರದು. 4 ಟಿಬಿ ಡಿಸ್ಕ್ ಕೊಂಡು ತಂದು ಬೇಜಾರಾಗುವ ಮುಂಚೆ ಇದನ್ನು ನೋಡಿಕೊಳ್ಳಿ. ದೊಡ್ಡ ಡಿಸ್ಕ್ ಬೇಕೇ ಬೇಕು ಅಂದರೆ ಕಾರ್ಡ್ ಬದಲಾಯಿಸಿ ಎಚ್200 ಅಥವಾ ಎಚ್700 ಹಾಕುವುದೇ ದಾರಿ.

ಎಸ್100, ಎಸ್300 ಎಂಬ ಹೆಸರು ಕಂಡರೆ ಅದು ನಿಜವಾದ ಹಾರ್ಡ್‌ವೇರ್ ರೇಡ್ ಅಲ್ಲ, ವಿಂಡೋಸ್ ಡ್ರೈವರ್ ನಂಬಿಕೊಂಡ ಸಾಫ್ಟ್‌ವೇರ್ ರೇಡ್. ಎಚ್‌ಪಿಯ ಜೆನ್8 ಚಿಕ್ಕ ಸರ್ವರ್‌ಗಳಲ್ಲಿ ಬರುವ ಬಿ120ಐ ಕೂಡ ಇದೇ ಜಾತಿ. ಇದಕ್ಕೆ ಲಿನಕ್ಸ್ ಹಾಕುವುದಾದರೆ ಎಫ್9 ಒತ್ತಿ ಒಳಗೆ ಹೋಗಿ ಸಾಟಾ ಪೋರ್ಟನ್ನು ರೇಡ್ ಇಲ್ಲದ ಸಾದಾ ವಿಧಾನವಾದ ಎಎಚ್‌ಸಿಐಗೆ ಬದಲಿಸಿ, ರೇಡ್ ಕೆಲಸವನ್ನು ಲಿನಕ್ಸ್‌ನ ಎಂಡಿ‌ಆಡ್‌ಮ್‌ಗೆ ಬಿಡಿ. ಇದರಲ್ಲಿ ಹೆಚ್ಚು ಹೊತ್ತು ಗುದ್ದಾಡಬೇಡಿ.

ಎರಡನೆಯದು: ಕಂಟ್ರೋಲರ್‌ಗೆ ಡಿಸ್ಕ್ ಕಾಣಿಸುತ್ತಿದೆಯಾ?

ಕಂಟ್ರೋಲ್ ಆರ್ ಒತ್ತಿ ಒಳಗೆ ಹೋಗಿ. ಮೇಲೆ ಕೆಲವು ಟ್ಯಾಬ್ ಇರುತ್ತವೆ, ಕಂಟ್ರೋಲ್ ಎನ್ ಒತ್ತಿದರೆ ಮುಂದಿನ ಟ್ಯಾಬ್‌ಗೆ ಹೋಗುತ್ತದೆ. ಪಿಡಿ (ಫಿಸಿಕಲ್ ಡಿಸ್ಕ್, ಅಂದರೆ ನಿಜವಾದ ಡಿಸ್ಕ್) ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ಡಿಸ್ಕ್‌ಗಳ ಪಟ್ಟಿ ಇರುತ್ತದೆ. ಬೇ (ಡಿಸ್ಕ್ ಕೂರುವ ಗೂಡು) ನಂಬರ್ ಸೊನ್ನೆಯಿಂದ ಶುರು. ಪ್ರತಿ ಡಿಸ್ಕ್ ಎದುರಿಗೆ ಒಂದು ಸ್ಥಿತಿ ಬರೆದಿರುತ್ತದೆ. ಎಲ್ಲಾ ಇರುವುದು ಈ ಒಂದು ಪದದಲ್ಲೇ.

ರೆಡಿ ಅಂತಿದ್ದರೆ ಡಿಸ್ಕ್ ಖಾಲಿ ಇದೆ, ಯಾವ ಗುಂಪಿಗೂ ಸೇರಿಲ್ಲ. ಓಎಸ್‌ಗೆ ಅದು ಕಾಣಿಸುವುದೇ ಇಲ್ಲ, ಯಾಕೆಂದರೆ 6/ಐ ಮತ್ತು ಎಚ್700 ಡಿಸ್ಕನ್ನು ಹಾಗೇ ಓಎಸ್‌ಗೆ ಕೊಡುವುದಿಲ್ಲ. ಒಂದೇ ಡಿಸ್ಕ್ ಇದ್ದರೂ ಅದಕ್ಕೊಂದು ರೇಡ್ 0 ವರ್ಚುವಲ್ ಡಿಸ್ಕ್ ಮಾಡಲೇಬೇಕು. ಎಷ್ಟೋ ಜನ ಬೀಳುವುದು ಇಲ್ಲೇ. ಮನೆ ಕಂಪ್ಯೂಟರ್ ಥರ ಡಿಸ್ಕ್ ಸಿಕ್ಕಿಸಿದರೆ ಸಾಕು ಅಂದುಕೊಂಡಿರುತ್ತಾರೆ.

ಫಾರಿನ್ ಅಂತಿದ್ದರೆ ಡಿಸ್ಕ್ ಮೇಲೆ ಬೇರೆ ಯಾವುದೋ ಕಂಟ್ರೋಲರ್ ಬರೆದ ರೇಡ್ ಗುರುತು ಉಳಿದಿದೆ. ನಮ್ಮ ಧಾರವಾಡದ ಡಿಸ್ಕ್‌ಗಳಲ್ಲಿ ಇದ್ದದ್ದು ಇದು. ಬೂಟ್ ಆಗುವಾಗಲೇ ಫಾರಿನ್ ಕಾನ್ಫಿಗರೇಷನ್ ಸಿಕ್ಕಿದೆ, ಎಫ್ ಒತ್ತಿದರೆ ಇಂಪೋರ್ಟ್ ಆಗುತ್ತದೆ ಅಂತ ಸಂದೇಶ ಬಂದಿತ್ತು, ನಾನು ಓದದೆ ಯಾವುದೋ ಕೀ ಒತ್ತಿ ಮುಂದೆ ಹೋಗಿದ್ದೆ. ಇಲ್ಲಿ ಎರಡು ದಾರಿ ಇವೆ. ಡಿಸ್ಕ್‌ನಲ್ಲಿ ನಿಮಗೆ ಬೇಕಾದ ಡೇಟಾ ಇದ್ದರೆ ಇಂಪೋರ್ಟ್ ಮಾಡಿ. ಹಳೆ ಸರ್ವರ್ ಸತ್ತು ಡಿಸ್ಕ್ ಮಾತ್ರ ಹೊಸ ಪೆಟ್ಟಿಗೆಗೆ ಹಾಕಿದಾಗ ಇದೇ ಕಾಪಾಡುವುದು. ಡೇಟಾ ಏನೂ ಬೇಡ ಅಂದರೆ ಮಾತ್ರ ಎಫ್2 ಮೆನುವಿನಲ್ಲಿ ಫಾರಿನ್ ಕಾನ್ಫಿಗ್ ಅನ್ನು ಕ್ಲಿಯರ್ ಮಾಡಿ. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ಬೇರೆಯವರ ಸರ್ವರ್ ಆದರೆ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿ, ಆಮೇಲೆ ಒತ್ತಿ.

ಡಿಸ್ಕ್ ಪಟ್ಟಿಯಲ್ಲೇ ಇಲ್ಲ ಅಂದರೆ ಮೊದಲು ಕರೆಂಟ್ ತೆಗೆದು ಡಿಸ್ಕ್ ಎಳೆದು ಮತ್ತೆ ಗಟ್ಟಿಯಾಗಿ ಕೂರಿಸಿ, ಆಮೇಲೆ ಬೇ ಬದಲಿಸಿ, ಆಮೇಲೆ ಮುಚ್ಚಳ ತೆಗೆದು ಕಾರ್ಡ್‌ನಿಂದ ಡಿಸ್ಕ್‌ಗಳ ಹಿಂದಿನ ಫಲಕವಾದ ಬ್ಯಾಕ್‌ಪ್ಲೇನ್‌ಗೆ ಹೋಗುವ ಕೇಬಲ್ ನೋಡಿ. ಸಾಗಾಟದಲ್ಲಿ ಅದು ಸಡಿಲ ಆಗಿರುವುದು ಸಾಮಾನ್ಯ. ಸೆಕೆಂಡ್ ಹ್ಯಾಂಡ್ ಎಸ್‌ಎಎಸ್ ಡಿಸ್ಕ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ತೆಗೆದ ಕೆಲವು ಡಿಸ್ಕ್‌ಗಳ ಸೆಕ್ಟರ್ (ಡೇಟಾ ಬರೆಯುವ ಅತಿ ಚಿಕ್ಕ ತುಂಡು) 512 ಬೈಟ್ ಇರುವುದಿಲ್ಲ, 520 ಇರುತ್ತದೆ. ಪರ್ಕ್ ಅದನ್ನು ಒಪ್ಪುವುದಿಲ್ಲ. ಡಿಸ್ಕ್ ಕೆಟ್ಟಿದೆ ಅಂತ ಎಸೆಯಬೇಡಿ. ರೇಡ್ ಇಲ್ಲದ ಸಾದಾ ಎಚ್‌ಬಿಎ ಕಾರ್ಡ್‌ಗೆ ಸಿಕ್ಕಿಸಿ, ಲಿನಕ್ಸ್‌ನಲ್ಲಿ ಎಸ್‌ಜಿ ಫಾರ್ಮ್ಯಾಟ್ ಎಂಬ ಸಾಧನದಿಂದ 512ಕ್ಕೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗಬಾರದು, ಯುಪಿಎಸ್ ಇರಲಿ. ಡಿಸ್ಕ್‌ನಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಮೂರನೆಯದು: ವರ್ಚುವಲ್ ಡಿಸ್ಕ್ ಮಾಡುವುದು

ಎರಡು ಡಿಸ್ಕ್ ಇದ್ದರೆ ರೇಡ್ 1, ಅಂದರೆ ಒಂದೇ ಡೇಟಾ ಎರಡರಲ್ಲೂ. ನಾಲ್ಕಿದ್ದರೆ ನನ್ನ ಮಟ್ಟಿಗೆ ರೇಡ್ 10, ಅಂದರೆ ಅಂಥ ಎರಡು ಜೋಡಿ. ರೇಡ್ 5ರಲ್ಲಿ ಜಾಗ ಜಾಸ್ತಿ ಸಿಗುತ್ತದೆ ನಿಜ, ಆದರೆ ಹಳೆಯ ಡಿಸ್ಕ್‌ಗಳಲ್ಲಿ ಒಂದು ಕೆಟ್ಟು ಇನ್ನೊಂದು ಹಾಕಿದಾಗ ಉಳಿದೆಲ್ಲ ಡಿಸ್ಕ್‌ಗಳನ್ನೂ ತುದಿಯಿಂದ ತುದಿಗೆ ಓದಬೇಕಾಗುತ್ತದೆ, ಅಷ್ಟರಲ್ಲಿ ಎರಡನೆಯದೂ ಹೋದರೆ ಎಲ್ಲಾ ಹೋಯಿತು. ಹತ್ತು ವರ್ಷ ಓಡಿದ ಡಿಸ್ಕ್‌ಗಳ ಮೇಲೆ ನಾನು ಆ ಧೈರ್ಯ ಮಾಡುವುದಿಲ್ಲ.

ರೇಡ್ 5 ಮಾಡಲೇಬೇಕು ಅಂದರೆ ಒಂದು ಉಪಾಯ ಇದೆ. ಒಟ್ಟು ಜಾಗ 2 ಟಿಬಿ ದಾಟಿದರೆ ಡಿಸ್ಕನ್ನು ಭಾಗ ಮಾಡುವ ಹಳೆ ಎಂಬಿಆರ್ ಪದ್ಧತಿಯಲ್ಲಿ ಪೂರ್ತಿ ಬಳಸಲು ಆಗುವುದಿಲ್ಲ, ಬೂಟ್ ಕೂಡ ತಕರಾರು ಮಾಡುತ್ತದೆ. ಹಾಗಾಗಿ ಅದೇ ಡಿಸ್ಕ್ ಗುಂಪಿನಲ್ಲಿ ಮೊದಲು 100 ಜಿಬಿಯ ಒಂದು ಚಿಕ್ಕ ವರ್ಚುವಲ್ ಡಿಸ್ಕ್ ಮಾಡಿ, ಓಎಸ್ ಅದರಲ್ಲಿರಲಿ. ಉಳಿದ ಜಾಗವನ್ನೆಲ್ಲ ಎರಡನೇ ವರ್ಚುವಲ್ ಡಿಸ್ಕ್ ಮಾಡಿ ಡೇಟಾಕ್ಕೆ ಇಡಿ. ನಾಳೆ ಓಎಸ್ ಮತ್ತೆ ಹಾಕಬೇಕಾದರೂ ಡೇಟಾ ಮುಟ್ಟಬೇಕಾಗಿಲ್ಲ. ರೇಡ್ 1ಕ್ಕೂ ಇದು ನಡೆಯುತ್ತದೆ.

ಮಾಡಿದ ಮೇಲೆ ಫಾಸ್ಟ್ ಇನಿಷಿಯಲೈಸ್ ಕೊಡಿ. ಕೊಡದಿದ್ದರೆ ಹಿಂದಿನ ಪಾರ್ಟಿಷನ್ ಗುರುತುಗಳು ಹಾಗೇ ಉಳಿದು ಇನ್‌ಸ್ಟಾಲರ್ ಗಲಿಬಿಲಿಯಾಗುತ್ತದೆ. ಹಾಗೇ ಕಂಟ್ರೋಲರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ಗೆ ಹೋಗಿ ಎರಡು ಸಂಗತಿ ನೋಡಿ: ಕಂಟ್ರೋಲರ್ ಬಯಾಸ್ ಎನೇಬಲ್ ಆಗಿರಬೇಕು, ಬೂಟ್ ಆಗಬೇಕಾದ ವಿಡಿ (ವರ್ಚುವಲ್ ಡಿಸ್ಕ್) ಅನ್ನುವಲ್ಲಿ ನಿಮ್ಮ ಓಎಸ್ ಡಿಸ್ಕ್ ಆಯ್ಕೆಯಾಗಿರಬೇಕು. ಎರಡು ವಿಡಿ ಮಾಡಿದಾಗ ಇದನ್ನು ಮರೆತರೆ ಇನ್‌ಸ್ಟಾಲ್ ಚೆನ್ನಾಗಿಯೇ ಮುಗಿದು ಬೂಟ್ ಮಾತ್ರ ಆಗುವುದಿಲ್ಲ.

ರೇಡ್ ಕಾರ್ಡ್‌ನ ಬ್ಯಾಟರಿ ಕೆಟ್ಟಿದೆ ಎಂಬ ಎಚ್ಚರಿಕೆ ಬಂದರೆ ಗಾಬರಿ ಬೇಡ. ಹಳೆ ಕಾರ್ಡ್‌ಗಳಲ್ಲಿ ಅದು ಸತ್ತಿರುವುದೇ ಹೆಚ್ಚು. ಕಾರ್ಡ್ ತಾನೇ ರೈಟ್ ಥ್ರೂಗೆ (ತನ್ನ ತಾತ್ಕಾಲಿಕ ಮೆಮರಿಯಾದ ಕ್ಯಾಶ್‌ನಲ್ಲಿ ಇಟ್ಟುಕೊಳ್ಳದೆ ನೇರ ಡಿಸ್ಕ್‌ಗೆ ಬರೆಯುವುದು) ಇಳಿಯುತ್ತದೆ, ಬರೆಯುವುದು ನಿಧಾನ ಆಗುತ್ತದೆ, ಅಷ್ಟೇ, ಇನ್‌ಸ್ಟಾಲ್‌ಗೇನೂ ಅಡ್ಡಿಯಿಲ್ಲ. ವೇಗ ಬೇಕು ಅಂತ ಬ್ಯಾಟರಿ ಇಲ್ಲದೆ ಬಲವಂತವಾಗಿ ರೈಟ್ ಬ್ಯಾಕ್ (ಮೊದಲು ಕ್ಯಾಶ್‌ಗೆ, ಆಮೇಲೆ ಡಿಸ್ಕ್‌ಗೆ) ಹಾಕಬೇಡಿ. ನಮ್ಮೂರುಗಳಲ್ಲಿ ಕರೆಂಟ್ ಹೋಗುವ ಪರಿ ಗೊತ್ತಲ್ವಾ, ಕ್ಯಾಶ್‌ನಲ್ಲಿದ್ದದ್ದು ಡಿಸ್ಕ್‌ಗೆ ಇಳಿಯುವ ಮುಂಚೆ ಹೋದರೆ ಫೈಲ್‌ಸಿಸ್ಟಮ್ಮೇ ಕೆಡಬಹುದು. ಹೊಸ ಬ್ಯಾಟರಿ ಹಾಕಿಸಿ.

ನಾಲ್ಕನೆಯದು: ಕರ್ನಲ್‌ಗೆ ಕಾಣಿಸುತ್ತಿದೆಯಾ?

ಪೆನ್‌ಡ್ರೈವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೂಫಸ್ ಎಂಬ ಸಾಧನದಲ್ಲಿ ಬರೆಯುವಾಗ ಡಿಡಿ ಮೋಡ್ ಆರಿಸಿ, ಎಫ್11 ಒತ್ತಿ ಅದರಿಂದ ಬೂಟ್ ಮಾಡಿ. ಸರ್ವರನ್ನು ದೂರದಿಂದ ನೋಡುವ ಐಡ್ರಾಕ್6ರ ಪರದೆಗೆ ಹಳೆ ಜಾವಾ ಬೇಕು, ಈಗಿನ ಬ್ರೌಸರ್‌ಗಳು ಜಗಳ ಮಾಡುತ್ತವೆ, ಸುಮ್ನೆ ಒಂದು ಮಾನಿಟರ್ ಎಳೆದುಕೊಂಡು ಕೂರುವುದೇ ಲೇಸು.

ಇನ್‌ಸ್ಟಾಲರ್ ಡಿಸ್ಕ್ ಇಲ್ಲ ಅಂದಾಗ ಅಲ್ಲೇ ಆಲ್ಟ್ ಎಫ್2 ಒತ್ತಿ, ಗ್ರಾಫಿಕಲ್ ಇನ್‌ಸ್ಟಾಲರ್ ಆದರೆ ಕಂಟ್ರೋಲ್ ಕೂಡ ಸೇರಿಸಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ಎಲ್‌ಎಸ್‌ಪಿಸಿಐ ಕಮಾಂಡ್ ಅನ್ನು ಮೈನಸ್ ಎನ್ಎನ್ ಜೊತೆ ಕೊಡಿ. ರೇಡ್ ಕಂಟ್ರೋಲರ್ ಸಾಲಿನ ಕೊನೆಗೆ ಎರಡು ಸಂಖ್ಯೆ ಇರುತ್ತವೆ. 1000:0060 ಅಂದರೆ 6/ಐ, 1000:0079 ಅಂದರೆ ಎಚ್700, 1000:0072 ಅಂದರೆ ಎಚ್200. ಸಾಲೇ ಇಲ್ಲದಿದ್ದರೆ ಕಾರ್ಡ್ ಸ್ಲಾಟ್‌ನಲ್ಲಿ ಸರಿಯಾಗಿ ಕೂತಿಲ್ಲ. ಸಾಲು ಇದ್ದು ಡಿಸ್ಕ್ ಇಲ್ಲ ಅಂದರೆ ಕರ್ನಲ್ ಏನು ಹೇಳುತ್ತಿದೆ ಅಂತ ಡಿಮೆಸೇಜ್‌ನಲ್ಲಿ ಮೆಗಾರೇಡ್ (6/ಐ, ಎಚ್700ರ ಡ್ರೈವರ್ ಹೆಸರು) ಎಂಬ ಪದ ಹುಡುಕಿ.

ಮೆಗಾರೇಡ್ ಸುದ್ದಿಯೇ ಇಲ್ಲವಾ? ನಿಮ್ಮ ಓಎಸ್ ಆ ಕಾರ್ಡ್‌ಗೆ ಬೆಂಬಲ ಬಿಟ್ಟಿರಬಹುದು. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಿಂದ ಮುಂದಕ್ಕೆ 6/ಐ ಪಟ್ಟಿಯಿಂದ ಹೊರಗೆ ಹೋಯಿತು. ಕಾರ್ಡ್ ಚೆನ್ನಾಗಿದೆ, ಡಿಸ್ಕ್ ಚೆನ್ನಾಗಿದೆ, ಇನ್‌ಸ್ಟಾಲರ್ ಮಾತ್ರ ಖಾಲಿ ಪಟ್ಟಿ ತೋರಿಸುತ್ತದೆ. ಇದಕ್ಕೆ ಮೂರು ದಾರಿ. ಇಎಲ್‌ರೆಪೊದವರು ಕೊಡುವ ಡ್ರೈವರ್ ಡಿಸ್ಕನ್ನು ಇನ್‌ಸ್ಟಾಲ್ ಶುರುವಿನಲ್ಲಿ ಸೇರಿಸುವುದು ಒಂದು. ಇಂಥ ಹಳೆ ಡ್ರೈವರ್‌ಗಳನ್ನು 9.4ರಿಂದ ಮತ್ತೆ ಸೇರಿಸಿಕೊಂಡ ಅಲ್ಮಾ ಲಿನಕ್ಸ್ ಹಾಕಿ ನೋಡುವುದು ಇನ್ನೊಂದು. ಡೆಬಿಯನ್‌ಗೆ ಬರುವುದು ಮೂರನೆಯದು, ನಾನು ಆರಿಸಿಕೊಂಡದ್ದು ಇದನ್ನೇ. ಅದರಲ್ಲಿ ಡ್ರೈವರ್ ಇನ್ನೂ ಇದೆ.

ಪ್ರೊಸೆಸರ್ ಕೂಡ ನೋಡಿಕೊಳ್ಳಿ. ಆರ್710ರ ಜಿಯಾನ್ 5500, 5600 ಚಿಪ್‌ಗಳು ರೆಡ್‌ಹ್ಯಾಟ್ 9 ಕೇಳುವ ಮಟ್ಟಕ್ಕೆ ಸಾಲುತ್ತವೆ, 10 ಕೇಳುವ ಮಟ್ಟಕ್ಕೆ ಸಾಲುವುದಿಲ್ಲ. ಅದಕ್ಕಿಂತ ಹಳೆಯ ಜಿಯಾನ್ 5400 ಇರುವ ಪವರ್‌ಎಡ್ಜ್ 2950ಗೆ 9 ಕೂಡ ಆಗದು. ಡೆಬಿಯನ್‌ಗೆ ಈ ತಕರಾರಿಲ್ಲ.

ಮೆಗಾರೇಡ್ ಸಂದೇಶ ಇದೆ, ಆದರೆ ಜೊತೆಗೆ ಡಿಎಂಎಆರ್ ಎಂಬ ದೋಷದ ಸಾಲುಗಳು ಉದ್ದಕ್ಕೂ ಬರುತ್ತಿವೆ ಅಂದರೆ ಹೊಸ ಕರ್ನಲ್‌ನ ಐಓಎಂಎಂಯು (ಕಾರ್ಡ್‌ಗಳ ಮೆಮರಿ ಬಳಕೆಯನ್ನು ನಿಯಂತ್ರಿಸುವ ಭಾಗ) ಹಳೆ ಕಾರ್ಡ್ ಜೊತೆ ಹೊಂದಿಕೊಳ್ಳುತ್ತಿಲ್ಲ. ಬೂಟ್ ಮೆನುವಿನಲ್ಲಿ ಕರ್ನಲ್ ಸಾಲಿನ ಕೊನೆಗೆ ಇಂಟೆಲ್ ಐಓಎಂಎಂಯು ಆಫ್ ಮಾಡುವ ಆಯ್ಕೆ ಸೇರಿಸಿ ನೋಡಿ. ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮಷೀನ್ ಓಡಿಸುವ ಓಎಸ್) ಹಾಕುವವರಿಗೆ ಇದು ಆಗಾಗ ಎದುರಾಗುತ್ತದೆ.

ಡಿಸ್ಕ್ ಬದಲು ಎಂಡಿ126, ಎಂಡಿ127 ಅಂತ ವಿಚಿತ್ರ ಹೆಸರು ಕಂಡರೆ ಡಿಸ್ಕ್ ಮೇಲೆ ಹಳೆ ಸಾಫ್ಟ್‌ವೇರ್ ರೇಡ್‌ನ ಗುರುತು ಉಳಿದಿದೆ. ಡೇಟಾ ಬೇಡ ಅನ್ನುವುದು ಖಚಿತವಾದ ಮೇಲೆ ಆ ಅರೇ ನಿಲ್ಲಿಸಿ, ಲೈವ್ ಲಿನಕ್ಸ್‌ನಿಂದ ವೈಪ್‌ಎಫ್‌ಎಸ್ ಓಡಿಸಿ ಗುರುತು ಒರೆಸಿ.

ನಡುವೆ ಎರಡು ಚಿಕ್ಕ ತೊಡಕು ಬರುತ್ತವೆ, ಡಿಸ್ಕ್‌ಗೂ ಅವಕ್ಕೂ ಸಂಬಂಧವಿಲ್ಲ. ಆರ್710ರ ಬ್ರಾಡ್‌ಕಾಮ್ ನೆಟ್‌ವರ್ಕ್ ಚಿಪ್‌ಗೆ ಬಿಎನ್‌ಎಕ್ಸ್2 ಫರ್ಮ್‌ವೇರ್ ಬೇಕು. ಡೆಬಿಯನ್ 11ರವರೆಗೆ ಸಾಮಾನ್ಯ ಐಎಸ್‌ಓದಲ್ಲಿ ಅದು ಇರಲಿಲ್ಲ, 2023ರಲ್ಲಿ ಬಂದ 12ರಿಂದ ಒಳಗೇ ಇದೆ, ಹಾಗಾಗಿ ಹೊಸದನ್ನೇ ಹಾಕಿ. ಇನ್ನೊಂದು ಗಡಿಯಾರ. ಮದರ್‌ಬೋರ್ಡ್‌ನ ಸಿಆರ್2032 ಬಟನ್ ಸೆಲ್ ಸತ್ತಿದ್ದರೆ ಸರ್ವರ್ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಇರುತ್ತದೆ, ಪ್ಯಾಕೇಜ್ ಇಳಿಸುವಾಗ ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಎಂಬ ಅರ್ಥದ ದೋಷ ಬರುತ್ತದೆ. ಅಂಗಡಿಯಲ್ಲಿ ಸಿಗುವ ಒಂದು ಸೆಲ್ ಹಾಕಿ, ಎಫ್2 ಒತ್ತಿ ಸಮಯ ಸರಿಮಾಡಿ. ನೆಟ್‌ವರ್ಕ್ ಕೆಟ್ಟಿದೆ ಅಂತ ಕೇಬಲ್ ಬದಲಿಸುತ್ತಾ ಕೂರಬೇಡಿ.

ಐದನೆಯದು: ಪಾರ್ಟಿಷನ್ ಮತ್ತು ಗ್ರಬ್

ಈ ತಲೆಮಾರಿನ ಸರ್ವರ್‌ನಲ್ಲಿ ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಆಯ್ಕೆ ಇದ್ದರೂ ನಾನು ಬಯಾಸ್ ಮೋಡ್‌ನಲ್ಲೇ ಇಡುತ್ತೇನೆ. ಇನ್‌ಸ್ಟಾಲರ್ ಯಾವ ಮೋಡ್‌ನಲ್ಲಿ ಬಂದಿದೆ ಅಂತ ಡೆಬಿಯನ್‌ನ ಮೊದಲ ಮೆನುವಿನ ತಲೆಬರಹದಲ್ಲೇ ಬರೆದಿರುತ್ತದೆ, ಓದಿಕೊಳ್ಳಿ. ಒಂದರಲ್ಲಿ ಇನ್‌ಸ್ಟಾಲ್ ಮಾಡಿ ಇನ್ನೊಂದರಲ್ಲಿ ಬೂಟ್ ಮಾಡಲು ಹೋದರೆ ಆಗುವುದಿಲ್ಲ. ಬಯಾಸ್ ಮೋಡ್‌ನಲ್ಲಿ ಜಿಪಿಟಿ (ಎಂಬಿಆರ್ ನಂತರದ ಹೊಸ ಪದ್ಧತಿ) ಡಿಸ್ಕ್ ಬಳಸಿದರೆ ಶುರುವಿನಲ್ಲಿ 1 ಎಂಬಿಯ ಬಯಾಸ್ ಬೂಟ್ ಪಾರ್ಟಿಷನ್ ಇರಲೇಬೇಕು, ಇಲ್ಲದಿದ್ದರೆ ಓಎಸ್ ಎಬ್ಬಿಸುವ ಗ್ರಬ್‌ಗೆ ಕೂರಲು ಜಾಗವಿಲ್ಲ.

ನನ್ನ ಮೂರನೇ ರಾತ್ರಿಯ ಅರ್ಧ ಹೋಗಿದ್ದು ಇಲ್ಲಿ. ಡಿಸ್ಕ್ ಕಂಡಿತು, ಇನ್‌ಸ್ಟಾಲ್ ಪೂರ್ತಿ ಆಯಿತು, ರೀಸ್ಟಾರ್ಟ್ ಮಾಡಿದರೆ ಡೆಬಿಯನ್ ಬಂತು. ಖುಷಿಯಿಂದ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿ ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದೆ. ಬೂಟ್ ಮಾಡಲು ಡಿಸ್ಕೇ ಇಲ್ಲ ಅಂತು. ಪೆನ್‌ಡ್ರೈವ್ ಹಾಕಿದರೆ ಬರುತ್ತದೆ, ತೆಗೆದರೆ ಇಲ್ಲ. ಆಗಿದ್ದಿಷ್ಟು: ರೇಡ್ ಕಾರ್ಡ್ ಎಚ್ಚರಗೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಪೆನ್‌ಡ್ರೈವ್ ಎಸ್‌ಡಿಎ ಎಂಬ ಹೆಸರು ಹಿಡಿದಿತ್ತು, ರೇಡ್ ಡಿಸ್ಕ್ ಎಸ್‌ಡಿಬಿ ಆಗಿತ್ತು. ಗ್ರಬ್ ಎಲ್ಲಿಗೆ ಹಾಕಲಿ ಅಂತ ಕೇಳಿದಾಗ ನಾನು ರೂಢಿಯಂತೆ ಎಸ್‌ಡಿಎ ಅಂದಿದ್ದೆ. ಗ್ರಬ್ ಪೆನ್‌ಡ್ರೈವ್‌ನಲ್ಲಿ ಕೂತಿತ್ತು.

ಹಾಗಾಗಿ ಆ ಪರದೆಯಲ್ಲಿ ಅಕ್ಷರ ನೋಡಬೇಡಿ, ಪಕ್ಕದ ಹೆಸರು ನೋಡಿ. ಪರ್ಕ್ ಅಂತ ಇರುವುದೇ ನಿಮ್ಮದು. ಈಗಾಗಲೇ ತಪ್ಪಾಗಿದ್ದರೆ ಪೂರ್ತಿ ಮತ್ತೆ ಹಾಕುವುದು ಬೇಡ. ಇನ್‌ಸ್ಟಾಲರ್ ಪೆನ್‌ಡ್ರೈವ್ ಹೊಸದಾಗಿ ಬರೆದು ಬೂಟ್ ಮಾಡಿ, ಅಡ್ವಾನ್ಸ್ಡ್ ಆಯ್ಕೆಯಲ್ಲಿ ರೆಸ್ಕ್ಯೂ ಮೋಡ್‌ಗೆ ಹೋಗಿ, ನಿಮ್ಮ ರೂಟ್ ಪಾರ್ಟಿಷನ್ ಆರಿಸಿ, ಗ್ರಬ್ ಮತ್ತೆ ಹಾಕು ಎಂಬುದನ್ನು ಒತ್ತಿ ಸರಿಯಾದ ಡಿಸ್ಕ್ ಕೊಡಿ. ಎಫ್2 ಒತ್ತಿ ಬಯಾಸ್‌ನ ಹಾರ್ಡ್‌ಡಿಸ್ಕ್ ಸಾಲಿನಲ್ಲಿ ರೇಡ್ ಕಂಟ್ರೋಲರ್ ಮೊದಲಿರುವಂತೆಯೂ ನೋಡಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಗ್ರಬ್ ಬಂದು, ಆಮೇಲೆ ಯುಯುಐಡಿ (ಡಿಸ್ಕ್ ಭಾಗದ ಗುರುತು ಸಂಖ್ಯೆ) ಇಲ್ಲ ಅಂತ ಹೇಳಿ ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಬೂಟ್ ವ್ಯವಸ್ಥೆಯಲ್ಲೇ ನಿಂತರೆ? ಮತ್ತೆ ಅದೇ ಪ್ರಶ್ನೆ. ಬಯಾಸ್‌ಗೆ ಡಿಸ್ಕ್ ಕಂಡಿದೆ, ಇಲ್ಲದಿದ್ದರೆ ಗ್ರಬ್ ಬರುತ್ತಲೇ ಇರಲಿಲ್ಲ. ಕರ್ನಲ್‌ಗೆ ಮಾತ್ರ ಕಂಡಿಲ್ಲ. ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ತುದಿಗೆ ರೂಟ್‌ಡಿಲೇ=30 (30 ಸೆಕೆಂಡ್ ಕಾಯು ಅಂತ) ಸೇರಿಸಿ ಎಫ್10 ಒತ್ತಿ. ಬಂದುಬಿಟ್ಟರೆ ಕಾರ್ಡ್ ನಿಧಾನ ಅಂತ ಅರ್ಥ, ಗ್ರಬ್ ಸೆಟ್ಟಿಂಗ್‌ನಲ್ಲಿ ಅದನ್ನು ಖಾಯಂ ಮಾಡಿ. ಬರದಿದ್ದರೆ ರೆಸ್ಕ್ಯೂ ಮೋಡ್‌ನಲ್ಲಿ ಇನಿಟ್‌ರಾಮ್‌ಎಫ್‌ಎಸ್‌ನ ಮಾಡ್ಯೂಲ್ ಪಟ್ಟಿಗೆ ಮೆಗಾರೇಡ್ ಎಸ್‌ಎಎಸ್ ಸೇರಿಸಿ ಮತ್ತೆ ಕಟ್ಟಿ.

ಕೊನೆಗೆ: ಡೇಟಾ ಹಾಕುವ ಮುಂಚೆ ಒಂದು ಡಿಸ್ಕ್ ಎಳೆದು ನೋಡಿ

ರೇಡ್ 1 ಅಥವಾ 10 ಇದ್ದರೆ, ಸರ್ವರ್ ಖಾಲಿ ಇರುವಾಗಲೇ ಒಂದು ಡಿಸ್ಕ್ ಎಳೆಯಿರಿ. ಓಡುತ್ತಿರುವಾಗಲೇ. ಸರ್ವರ್ ನಿಲ್ಲಬಾರದು, ಡಿಸ್ಕ್ ಹೋಯಿತು ಅಂತ ಎಲ್‌ಸಿಡಿ ಕೇಸರಿ ಬಣ್ಣಕ್ಕೆ ತಿರುಗಬೇಕು. ಅದೇ ಸ್ಥಿತಿಯಲ್ಲಿ ಒಮ್ಮೆ ರೀಸ್ಟಾರ್ಟ್ ಮಾಡಿ, ಉಳಿದ ಡಿಸ್ಕ್‌ಗಳಿಂದಲೂ ಬೂಟ್ ಆಗಬೇಕು. ಆಮೇಲೆ ಡಿಸ್ಕ್ ವಾಪಸ್ ಹಾಕಿ, ಕಂಟ್ರೋಲ್ ಆರ್ ಒಳಗೆ ರೀಬಿಲ್ಡ್ (ಡೇಟಾ ಮತ್ತೆ ತುಂಬುವ ಕೆಲಸ) ಶುರುವಾಗಿದೆಯಾ ನೋಡಿ. ಆಗಿಲ್ಲದಿದ್ದರೆ ಆ ಡಿಸ್ಕನ್ನು ಹಾಟ್ ಸ್ಪೇರ್ (ಕೆಟ್ಟದ್ದರ ಜಾಗಕ್ಕೆ ಸಿದ್ಧವಿರುವ ಡಿಸ್ಕ್) ಮಾಡಿದರೆ ಶುರುವಾಗುತ್ತದೆ. ನಮ್ಮದು ಸಂಜೆ ಹಚ್ಚಿದ್ದು ಬೆಳಿಗ್ಗೆ ನೋಡುವಾಗ ಮುಗಿದಿತ್ತು.

ಡಿಸ್ಕ್‌ಗಳ ಆರೋಗ್ಯ ನೋಡಲು ಸ್ಮಾರ್ಟ್‌ಸಿಟಿಎಲ್ ಸಾಕು, ಆದರೆ ಸುಮ್ನೆ ಕೊಟ್ಟರೆ ವರ್ಚುವಲ್ ಡಿಸ್ಕ್ ಮಾತ್ರ ಸಿಗುತ್ತದೆ. ಮೈನಸ್ ಡಿ ಕೊಟ್ಟು ಮೆಗಾರೇಡ್, ಕಾಮಾ, ಡಿಸ್ಕ್ ನಂಬರ್ ಬರೆದರೆ ಕಾರ್ಡ್ ಹಿಂದಿರುವ ಒಂದೊಂದು ಡಿಸ್ಕ್ ಮಾತಾಡುತ್ತದೆ. ಎಚ್‌ಪಿ ಸ್ಮಾರ್ಟ್ ಅರೇ ಆದರೆ ಮೆಗಾರೇಡ್ ಬದಲು ಸಿಸಿಐಎಸ್‌ಎಸ್. ಪುಸ್ತಕದ ಪುಟಗಳ ಕಾಪಿ ಬೇರೆ ಮಷೀನಿನಲ್ಲಿ ದಿನವೂ ಹೋಗುವಂತೆಯೂ ಮಾಡಿಟ್ಟೆವು, ತಪ್ಪಿ ಅಳಿಸಿದ ಫೈಲನ್ನು ರೇಡ್ ವಾಪಸ್ ಕೊಡುವುದಿಲ್ಲ.

ಮುಚ್ಚಳ ಹಾಕುವ ಮುಂಚೆ ಒಂದು ಚೀಟಿ ಬರೆದು ಒಳಗೆ ಅಂಟಿಸಿ. ಧಾರವಾಡದ ಪೆಟ್ಟಿಗೆಯಲ್ಲಿ ಅಂಟಿಸಿದ್ದು ಹೀಗಿದೆ: ಪರ್ಕ್ 6/ಐ, ಕಂಟ್ರೋಲ್ ಆರ್, ಬೇ 0 ಮತ್ತು 1 ರೇಡ್ 1, ಓಎಸ್ ಮೊದಲ ವಿಡಿ, ಡೇಟಾ ಎರಡನೇ ವಿಡಿ, ಬಯಾಸ್ ಮೋಡ್, ಡಿಸ್ಕ್ 2 ಟಿಬಿ ದಾಟಬಾರದು, ಫಾರಿನ್ ಅಂತ ಬಂದರೆ ಕ್ಲಿಯರ್ ಒತ್ತುವ ಮುಂಚೆ ಫೋನ್ ಮಾಡಿ.